ಬೆಟ್ಟ ಮರೆತದ್ದು ಕೆರೆಗೆ ನೆನಪಿದೆ

ಎಲ್ಲರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಗೋಡು ಹೊಡೆಸಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಅರ್ಧ ಚಿತ್ರದುರ್ಗವೇ ಬಂದಿದೆ! ಗೋಡು ತೆಗೆದ ಗುಂಡಿಯ ಗೋಡೆ ನೋಡಿರುತ್ತೀರಿ. ಕಪ್ಪು ಜೇಡಿಯ ನಡುವೆ ಗೆರೆ ಎಳೆದಂತೆ ಮರಳು. ಯಾವುದೋ ವರ್ಷದ ಜೋರು ಮಳೆ ತಂದು ಹಾಕಿದ್ದು ಅದು.

ಮರಳಿನ ಬದಲು ಅಲ್ಲಿ ಬೂದಿ ಇದ್ದರೆ? ಇವತ್ತಿನ ಮಾತು ಅದರದ್ದೇ.

ಜ್ವಾಲಾಮುಖಿಯ ಬೂದಿ ಅಂದರೆ ಒಲೆಯ ಬೂದಿ ಅಲ್ಲ, ಪುಡಿಯಾದ ಗಾಜು. ಲಾವಾ ಹತ್ತಿರದಲ್ಲೇ ಹರಿದು ನಿಲ್ಲುತ್ತದೆ, ಬೂದಿ ಗಾಳಿ ಹಿಡಿದು ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಹಾಗಿದ್ದರೆ ಜ್ವಾಲಾಮುಖಿಯ ಚರಿತ್ರೆಯನ್ನು ಅದರ ಬುಡದಲ್ಲೇ ಹುಡುಕಬಹುದಲ್ವಾ? ಹುಡುಕುತ್ತಾರೆ. ಆದರೆ ಹೊಸದಾಗಿ ಸಿಡಿದದ್ದು ಹಳೆಯದನ್ನು ಮುಚ್ಚಿಬಿಡುತ್ತದೆ, ಇಲ್ಲವೇ ಹಾರಿಸಿಬಿಡುತ್ತದೆ. ದೂರದ ಕೆರೆಗೆ ಆ ಕಾಟ ಇಲ್ಲ.

ಎಲ್ಲ ಕೆರೆಗಳೂ ಆಗುವುದಿಲ್ಲ. ನಮ್ಮ ಸೂಳೆಕೆರೆ ಎಷ್ಟೇ ದೊಡ್ಡದಿರಲಿ, ಜನ ಕಟ್ಟಿದ ಕೆರೆ, ವಯಸ್ಸು ಸಾಲದು. ಊರ ಕೆರೆಗಳಲ್ಲಂತೂ ಎಮ್ಮೆ ಹೊರಳಾಡುತ್ತವೆ, ಜೆಸಿಬಿ ಇಳಿಯುತ್ತದೆ. ಬೇಕಾದದ್ದು ಸುಮ್ನೆ ಬಿಟ್ಟ ಆಳವಾದ ಸರೋವರ. ಜಪಾನಿನ ಸುಯ್‌ಗೆಟ್ಸು ಅಂಥದ್ದು. ತಳದಲ್ಲಿ ಆಮ್ಲಜನಕ ಇಲ್ಲ, ಹಾಗಾಗಿ ಕೆಸರು ಕೆದಕುವ ಹುಳುಗಳೂ ಇಲ್ಲ. ವರ್ಷಕ್ಕೊಂದು ತಿಳಿ ಗೆರೆ, ಒಂದು ಕಪ್ಪು ಗೆರೆ. 2006ರಲ್ಲಿ ಅಲ್ಲಿ 70 ಮೀಟರ್‌ಗೂ ಆಳಕ್ಕೆ ಕೊಳವೆ ಇಳಿಸಿ ಕೆಸರು ತೆಗೆದರು. ಒಂದೇ ಕಡೆ ಅಲ್ಲ, ಪಕ್ಕಪಕ್ಕದಲ್ಲೇ ನಾಲ್ಕು ಕಡೆ. ಕೊಳವೆಯನ್ನು ತುಂಡು ತುಂಡಾಗಿ ಮೇಲೆತ್ತುವಾಗ ಕೂಡುವ ಜಾಗದಲ್ಲಿ ಸ್ವಲ್ಪ ಕೆಸರು ಹಾಳಾಗುತ್ತದೆ. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗಲಿ ಅಂತ. ದಕ್ಷಿಣದ ಕಿಕಾಯ್ ಜ್ವಾಲಾಮುಖಿ ಸುಮಾರು 7,300 ವರ್ಷದ ಹಿಂದೆ ಉಗುಳಿದ ಬೂದಿ ಅದರಲ್ಲಿದೆ. ಸುಮಾರು 30,000 ವರ್ಷದ ಹಿಂದಿನ ಐರಾ ಜ್ವಾಲಾಮುಖಿಯ ಬೂದಿಯೂ ಇದೆ.

ವಯಸ್ಸು ಹೇಗೆ ಗೊತ್ತಾಗುತ್ತದೆ? ಗೆರೆ ಎಣಿಸಬಹುದು. ಕೆಸರಿನಲ್ಲಿ ಸಿಕ್ಕ ಎಲೆಯ ಇಂಗಾಲದಿಂದಲೂ ಲೆಕ್ಕ ಹಾಕಬಹುದು, ಆದರೆ ಅದು ಸುಮಾರು 50,000 ವರ್ಷದವರೆಗೆ ಮಾತ್ರ. ಯಾವ ಜ್ವಾಲಾಮುಖಿ ಅನ್ನುವುದನ್ನು ಗಾಜಿನ ಚೂರೇ ಹೇಳುತ್ತದೆ. ಸಿಲಿಕಾ, ಪೊಟ್ಯಾಸಿಯಂ, ಕಬ್ಬಿಣ ಎಷ್ಟೆಷ್ಟು ಅಂತ ಅಳೆದು ಹೋಲಿಸುತ್ತಾರೆ. ಒಂದೊಂದು ಮನೆಯ ಸಾರಿಗೂ ಒಂದೊಂದು ಹದ ಇರುತ್ತದಲ್ಲ, ಹಾಗೆ.

ಮೋಸ ಹೋಗುವುದು ಬೇರೆ ಕಡೆ. ಬೂದಿ ಬಿದ್ದು ಎಷ್ಟೋ ಮಳೆಗಾಲ ಕಳೆದ ಮೇಲೂ ಗುಡ್ಡದ ಮೇಲಿನ ಬೂದಿ ತೊಳೆದು ಕೆರೆಗೆ ಬರುತ್ತದೆ. ಮೇಲೆ ಇನ್ನೊಂದು ಪದರ! ಅವಸರದವನು ಎರಡು ಸಲ ಸಿಡಿಯಿತು ಅಂತ ಬರೆದುಕೊಳ್ಳುತ್ತಾನೆ. ನೇರವಾಗಿ ಬಿದ್ದ ಬೂದಿಯ ತಳ ಕತ್ತರಿಸಿದಂತೆ ಇರುತ್ತದೆ. ತೊಳೆದು ಬಂದದ್ದರಲ್ಲಿ ಮಣ್ಣು ಕಲೆತಿರುತ್ತದೆ. ಇನ್ನೊಂದು ವಿಷಯ. ಬೂದಿ ಸಿಗಲಿಲ್ಲ ಅಂದರೆ ಜ್ವಾಲಾಮುಖಿ ಸಿಡಿಯಲೇ ಇಲ್ಲ ಅಂತಲ್ಲ. ಗಾಳಿ ಅವತ್ತು ಬೇರೆ ದಿಕ್ಕಿಗೆ ಬೀಸಿರಬಹುದು. ಹಾಗಾಗಿ ಕೆರೆಯ ಲೆಕ್ಕವನ್ನು ನಾನು ಯಾವಾಗಲೂ ‘ಕಡಿಮೆ ಅಂದರೆ ಇಷ್ಟು’ ಅಂತಲೇ ಓದುತ್ತೇನೆ.

ನಮ್ಮ ಮಾರಡಿಹಳ್ಳಿಯ ದಿಂಬಿನಾಕಾರದ ಲಾವಾ ಕಲ್ಲು ನೋಡಿದವರು, ಇಲ್ಲೇ ಜ್ವಾಲಾಮುಖಿ ಇತ್ತಲ್ಲ ಸಾರ್ ಅನ್ನಬಹುದು. ಇತ್ತು. ನೀರಿನಡಿಯಲ್ಲೇ ಉಕ್ಕಿ ತಣ್ಣಗಾದ ಲಾವಾ ಅದು. ಆದರೆ 250 ಕೋಟಿ ವರ್ಷದ ಹಿಂದಿನ ಮಾತು. ಆ ಕಾಲದ ಕೆಸರೂ ಈಗ ಕಲ್ಲಾಗಿದೆ.

ಬೂದಿ ಬೇಕಿದ್ದರೆ ಪಕ್ಕದ ಆಂಧ್ರಕ್ಕೆ ಹೋಗಬೇಕು. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಸಿಡಿಯಿತು. ಅದರ ಗಾಜಿನ ಚೂರು 7,000 ಕಿಲೋಮೀಟರ್ ದೂರದ ಆಫ್ರಿಕಾದ ಮಲಾವಿ ಸರೋವರದ ಕೆಸರಿನಲ್ಲೂ ಸಿಕ್ಕಿದೆ. ಅಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಸೂಕ್ಷ್ಮದರ್ಶಕ ಬೇಕು. ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಎರಡೂವರೆ ಮೀಟರ್ ದಪ್ಪ ಇದೆ! ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ ಅಲ್ಲಿ ಅಗೆದು ಅಧ್ಯಯನ ಮಾಡಿದೆ. ಅಷ್ಟೂ ಆಕಾಶದಿಂದ ಬಿದ್ದದ್ದಲ್ಲ, ನೇರವಾಗಿ ಬಿದ್ದದ್ದು ಕೆಲವೇ ಸೆಂಟಿಮೀಟರ್. ಉಳಿದದ್ದು ನಾನು ಈಗ ಹೇಳಿದ ಹಾಗೆ ಸುತ್ತಲಿನಿಂದ ತೊಳೆದು ಬಂದದ್ದು.

ವಿಜ್ಞಾನಿಗಳಿಗೆ ಅದು ಟೋಬಾ. ಊರಿನವರಿಗೆ ಬಿಳಿ ಪುಡಿ. ಅಗೆದು ಮಾರುತ್ತಿದ್ದರು, ಪಾತ್ರೆ ತಿಕ್ಕುವ ಪುಡಿಗೆ. ಗಾಜಲ್ವಾ, ಚೆನ್ನಾಗಿ ತಿಕ್ಕುತ್ತದೆ.