ಸರ್ಪಸುತ್ತು: ಗುಳ್ಳೆ ಒಣಗಿದ ಮೇಲಿನ ನೋವು ಮತ್ತು ಲಸಿಕೆಯ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಸರ್ಪಸುತ್ತಿನ ಬಗ್ಗೆ ನಮ್ಮ ಕಡೆ ಮನೆಮನೆಗೂ ಗೊತ್ತಿರುವ ಒಂದು ಮಾತಿದೆ. ಸೊಂಟವನ್ನೋ ಎದೆಯನ್ನೋ ಬಳಸಿಕೊಂಡು ಬರುವ ಗುಳ್ಳೆಗಳ ಸಾಲಿನ ತಲೆಯೂ ಬಾಲವೂ ಒಂದಕ್ಕೊಂದು ಕೂಡಿದರೆ ರೋಗಿ ಉಳಿಯುವುದಿಲ್ಲ ಎಂಬುದೇ ಆ ಮಾತು. ಹಾಗೆ ಕೂಡದಿರಲೆಂದು ಕೆಮ್ಮಣ್ಣು ಹಚ್ಚಿ ಅದರ ದಾರಿ ಕಟ್ಟುವ ಪದ್ಧತಿ ಎಷ್ಟೋ ಊರುಗಳಲ್ಲಿ ಇಂದಿಗೂ ಇದೆ. ನಾಗದೋಷವೆಂದು ಬಗೆದು ಸುಬ್ರಹ್ಮಣ್ಯನಿಗೆ ಹರಕೆ ಹೊರುವವರೂ ಇದ್ದಾರೆ. ಹರಕೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ತಲೆ ಬಾಲ ಕೂಡುವ ಭಯಕ್ಕೆ ಆಧಾರವಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬೆನ್ನುಹುರಿಯಿಂದ ಹೊರಡುವ ನರಗಳು ಎಡಕ್ಕೊಂದು ಬಲಕ್ಕೊಂದರಂತೆ ಜೋಡಿಜೋಡಿಯಾಗಿ ಹೊರಟು, ಒಂದೊಂದೂ ಮೈಯ ಒಂದೊಂದು ಪಟ್ಟಿಯಷ್ಟು ಚರ್ಮವನ್ನು ನೋಡಿಕೊಳ್ಳುತ್ತವೆ. ಸರ್ಪಸುತ್ತು ಏಳುವುದು ಸಾಮಾನ್ಯವಾಗಿ ಅಂಥ ಒಂದು ನರದ ಹಾದಿಯಲ್ಲಿ, ಮೈಯ ಒಂದೇ ಪಕ್ಕದಲ್ಲಿ. ಹಾಗಾಗಿ ಅದು ಬೆನ್ನಿನ ನಡುಗೆರೆಯಿಂದ ಹೊರಟು ಮುಂದೆ ಎದೆಯ ಅಥವಾ ಹೊಟ್ಟೆಯ ನಡುಗೆರೆಗೆ ಬಂದು ನಿಂತುಬಿಡುತ್ತದೆ. ಗುಳ್ಳೆಗಳು ಎರಡೂ ಪಕ್ಕಗಳಲ್ಲಿ ಅಥವಾ ಮೈಯೆಲ್ಲ ಚದುರಿದಂತೆ ಎದ್ದರೆ ಮಾತ್ರ ರೋಗಿಯ ನಿರೋಧಕ ಶಕ್ತಿ ತೀರಾ ಕುಗ್ಗಿದೆಯೆಂದು ತಿಳಿದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈ ರೋಗದ ಮೂಲ ಹೊರಗಿನದಲ್ಲ, ನಮ್ಮೊಳಗೇ ಇರುವಂಥದು. ಚಿಕ್ಕಂದಿನಲ್ಲಿ ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಮನೆಯವರು ಮಡಿಯಿಂದ ನೋಡಿಕೊಂಡ ಸೀತಾಳೆ ಸಿಡುಬು ಮೈಮೇಲಿಂದ ಇಳಿದು ಹೋದರೂ, ಅದರ ವೈರಾಣು ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅದು ದಶಕಗಳ ಕಾಲ ಸದ್ದಿಲ್ಲದೆ ಉಳಿದಿರುತ್ತದೆ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ತನ್ನ ಚಿಕಿತ್ಸಾಲಯಕ್ಕೆ ಬಂದ ಸರ್ಪಸುತ್ತಿನ ರೋಗಿಗಳ ಲೆಕ್ಕವನ್ನು ಹದಿನಾರು ವರ್ಷ ಬರೆದಿಟ್ಟು, ವಯಸ್ಸು ಏರಿದಂತೆ ಈ ಕಾಯಿಲೆಯೂ ಏರುವುದನ್ನು ಗಮನಿಸಿ, ಮೈಯ ಕಾವಲು ಸಡಿಲವಾದಾಗ ಒಳಗೆ ಉಳಿದ ವೈರಾಣುವೇ ಮತ್ತೆ ಏಳುತ್ತದೆ ಎಂಬ ವಿವರಣೆಯನ್ನು 1965ರಲ್ಲಿ ಮುಂದಿಟ್ಟನು. ದೊಡ್ಡ ಪ್ರಯೋಗಾಲಯವಿಲ್ಲದೆ, ಊರಿನ ವೈದ್ಯನೊಬ್ಬ ರಿಜಿಸ್ಟರ್ ಹಿಡಿದು ಮಾಡಿದ ಕೆಲಸವಿದು ಎಂಬುದು ಸಣ್ಣ ಊರಿನಲ್ಲೇ ವೈದ್ಯವೃತ್ತಿ ನಡೆಸಿದ ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಅವನ ವಿವರಣೆ ಮುಂದೆ ನಿಜವೆಂದು ಸಿದ್ಧವಾಯಿತು.

ಆದ್ದರಿಂದ ಐವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಸ್ಟೆರಾಯ್ಡ್ ಮಾತ್ರೆಗಳನ್ನು ಬಹುಕಾಲ ನುಂಗುತ್ತಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಅಮೆರಿಕದಲ್ಲಿ ಹಾಕಿದ ಲೆಕ್ಕದಂತೆ, ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಸರ್ಪಸುತ್ತು ಬರುತ್ತದೆ.

ರೋಗ ಗುಳ್ಳೆಯಿಂದ ಶುರುವಾಗುವುದಿಲ್ಲ ಎಂಬುದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಮೊದಲ ಎರಡು ಮೂರು ದಿನ ಬರೀ ಉರಿ, ಚಳುಕು, ಮುಟ್ಟಿದರೆ ಜುಮ್ಮೆನ್ನುವ ಚರ್ಮ ಇವಿಷ್ಟೇ ಇರುತ್ತವೆ. ಎದೆಯ ಎಡಭಾಗದಲ್ಲಿ ಬಂದರೆ ಹೃದಯವೆಂದು ಇಸಿಜಿ ಮಾಡಿಸುತ್ತಾರೆ, ಪಕ್ಕೆಯಲ್ಲಿ ಬಂದರೆ ಕಿಡ್ನಿ ಕಲ್ಲೆಂದು ಸ್ಕ್ಯಾನ್ ಮಾಡಿಸುತ್ತಾರೆ, ದವಡೆಯಲ್ಲಿ ಬಂದರೆ ಹಲ್ಲು ಕೀಳಿಸಿಕೊಳ್ಳುವುದಕ್ಕೂ ಸಿದ್ಧರಾಗುತ್ತಾರೆ. ಆಮೇಲೆ ಅದೇ ಜಾಗ ಕೆಂಪೇರಿ, ಗೊಂಚಲು ಗೊಂಚಲಾಗಿ ನೀರುಗುಳ್ಳೆ ಏಳುತ್ತದೆ. ಹೀಗೆ ಗುಳ್ಳೆ ಕಂಡ 72 ಗಂಟೆಗಳೊಳಗೆ ಅಸೈಕ್ಲೊವಿರ್, ವ್ಯಾಲಸೈಕ್ಲೊವಿರ್ ಅಥವಾ ಫ್ಯಾಮ್‌ಸೈಕ್ಲೊವಿರ್ ಎಂಬ ವೈರಾಣು ವಿರೋಧಿ ಮಾತ್ರೆಗಳಲ್ಲಿ ಒಂದನ್ನು ಶುರುಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ಆಗಿನ ನೋವೂ ಬೇಗ ತಗ್ಗುತ್ತದೆ. ಅಸೈಕ್ಲೊವಿರ್ ಆದರೆ ದಿನಕ್ಕೆ ಐದು ಬಾರಿ, ಏಳು ದಿನ ನುಂಗಬೇಕು. ಮೂತ್ರಪಿಂಡದ ತೊಂದರೆಯಿದ್ದವರಿಗೆ ಪ್ರಮಾಣ ಇಳಿಸಬೇಕಾದ್ದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಿಂದ ಕೊಳ್ಳುವ ಔಷಧ ಇದಲ್ಲ. ನನ್ನಲ್ಲಿಗೆ ಬಂದವರಲ್ಲಿ ಹಲವರು ಕೆಮ್ಮಣ್ಣು ಒಣಗಿ ಉದುರಿದ ಮೇಲೆ, ಅಂದರೆ ಐದನೆಯ ದಿನವೋ ಆರನೆಯ ದಿನವೋ ಬಂದವರು. ಮಣ್ಣು ತಂಪೆನಿಸುವುದು ನಿಜ. ಆದರೆ ಅದು ಒಡೆದ ಗುಳ್ಳೆಯೊಳಗೆ ಬೇರೆ ಸೋಂಕನ್ನು ಸೇರಿಸಬಲ್ಲದು, ಅದಕ್ಕಿಂತ ಹೆಚ್ಚಾಗಿ ಆ ಮೂರು ದಿನಗಳನ್ನು ತಿಂದುಹಾಕುತ್ತದೆ.

ಹಣೆಯ ಮೇಲೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು, ಏಕೆಂದರೆ ದೃಷ್ಟಿಗೇ ಅಪಾಯವಿದೆ. ಕಿವಿಯಲ್ಲಿ ಗುಳ್ಳೆಯೆದ್ದು ಮುಖ ಒಂದು ಕಡೆಗೆ ವಾಲಿದರೂ ಅಷ್ಟೇ ತುರ್ತು.

ಗುಳ್ಳೆಗಳು ಸುಮಾರು ಹತ್ತು ದಿನಗಳಲ್ಲಿ ಹಕ್ಕಳೆಗಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುತ್ತವೆ. ಅಲ್ಲಿಯತನಕ ಸ್ನಾನ ಬಿಡಬೇಕಿಲ್ಲ, ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕುಡಿಯಬೇಕಿಲ್ಲ. ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ತಾಕಿದರೆ, ಸೀತಾಳೆ ಸಿಡುಬು ಎಂದೂ ಬಾರದವರಿಗೆ ಆ ಸಿಡುಬು ಬರಬಹುದು. ಹಾಗಾಗಿ ಹಕ್ಕಳೆಗಟ್ಟುವವರೆಗೆ ಗುಳ್ಳೆಗಳನ್ನು ಸಡಿಲವಾದ ಬಟ್ಟೆಯಿಂದ ಮುಚ್ಚಿಟ್ಟುಕೊಂಡು, ಬಸುರಿಯರಿಂದಲೂ ಹಸುಗೂಸುಗಳಿಂದಲೂ ದೂರವಿರುವುದು ಒಳ್ಳೆಯದು. ಅಜ್ಜಿಗೆ ಸರ್ಪಸುತ್ತಾಗಿರುವಾಗ ಬಾಣಂತಿ ಮಗಳು ಮನೆಗೆ ಬರುವಂತಿದ್ದರೆ ಈ ಮಾತು ನೆನಪಿರಬೇಕು.

ಇಷ್ಟಕ್ಕೇ ಮುಗಿದರೆ ಇದು ಮೂರು ನಾಲ್ಕು ವಾರಗಳ ಸಂಕಟ. ಮುಗಿಯದಿದ್ದರೆ ಏನಾಗುತ್ತದೆ ಎಂಬುದನ್ನು ನನ್ನ ರೋಗಿಯೊಬ್ಬರಿಂದ ಹತ್ತಿರದಲ್ಲಿ ಕಂಡೆ. ನಿವೃತ್ತ ನೌಕರರು, ಎಪ್ಪತ್ತರ ಆಸುಪಾಸಿನವರು. ಗುಳ್ಳೆ ಮಾಯ್ದು ನಾಲ್ಕು ತಿಂಗಳಾದ ಮೇಲೂ ಎದೆಯ ಬಲಭಾಗದ ಅಂಗಿಯನ್ನು ಎರಡು ಬೆರಳಿನಿಂದ ಮೈಗೆ ತಾಗದಂತೆ ಎತ್ತಿ ಹಿಡಿದುಕೊಂಡೇ ಒಳಗೆ ಬರುತ್ತಿದ್ದರು. ಕುರ್ಚಿಯಲ್ಲಿ ಕೂರುವ ಮೊದಲು ‘ಡಾಕ್ಟ್ರೇ, ಫ್ಯಾನ್ ಆರಿಸಿ’ ಎನ್ನುತ್ತಿದ್ದರು. ಗಾಳಿ ಸೋಕಿದರೂ ಅವರಿಗೆ ಚರ್ಮ ಸುಟ್ಟಂತಾಗುತ್ತಿತ್ತು. ಮನೆಯವರು ನೋಡಿದರೆ ಅಲ್ಲಿ ಮಾಸಿದ ಕಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಆದ್ದರಿಂದ ಮೊದಮೊದಲು ಅವರ ನೋವನ್ನು ಯಾರೂ ಪೂರ್ತಿ ನಂಬಲೂ ಇಲ್ಲ. ವಿಚಿತ್ರವೆಂದರೆ ಹಗುರವಾದ ಸ್ಪರ್ಶವೇ ಅವರನ್ನು ಹೆಚ್ಚು ಕಾಡುತ್ತಿತ್ತು, ಬಿಗಿಯಾದದ್ದು ಅಷ್ಟಾಗಿ ಅಲ್ಲ. ಅವರ ಹೆಂಡತಿ ಹಳೆಯ ಹತ್ತಿ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಬಿಗಿಯಾಗಿ ಸುತ್ತಿಕೊಟ್ಟ ಮೇಲೆ ಅವರು ಅದರ ಮೇಲೆ ಅಂಗಿ ತೊಟ್ಟು ನಡೆದಾಡುವಂತಾದರು.

ವೈರಾಣು ನರವನ್ನು ಕೆಡಿಸಿ ಹೋದದ್ದರ ಫಲವಿದು. ಗುಳ್ಳೆ ಎದ್ದು ಮೂರು ತಿಂಗಳು ಕಳೆದ ಮೇಲೂ ನೋವು ಉಳಿದರೆ ವೈದ್ಯರು ಇದನ್ನು ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎಂದು ಚೀಟಿಯಲ್ಲಿ ಬರೆಯುತ್ತಾರೆ. ವಯಸ್ಸಾದಷ್ಟೂ ಇದರ ಸಂಭವ ಹೆಚ್ಚು. ಕೆಲವರಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಸಾಮಾನ್ಯ ನೋವಿನ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ಗಳಂಥ ನರಕ್ಕೆ ಸಂಬಂಧಿಸಿದ ಔಷಧಗಳನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸಬೇಕಾಗುತ್ತದೆ. ಅವು ನಿದ್ದೆಗಣ್ಣು, ತಲೆ ತಿರುಗು ತರುವುದರಿಂದ ರಾತ್ರಿ ಬಚ್ಚಲಿಗೆ ಎದ್ದ ಹಿರಿಯರು ಜಾರಿ ಬೀಳದಂತೆ ನೋಡಿಕೊಳ್ಳಬೇಕು. ಜಾಗ ಮರಗಟ್ಟಲೆಂದು ಚರ್ಮಕ್ಕೆ ಅಂಟಿಸುವ ಲಿಡೊಕೇಯ್ನ್ ಪಟ್ಟಿಯಿಂದಲೂ ಕೆಲವರಿಗೆ ಆರಾಮ ಸಿಗುತ್ತದೆ. ಆದರೆ ನಾನು ಒತ್ತಿ ಹೇಳಬೇಕಾದ ಮಾತು ಬೇರೆ: 72 ಗಂಟೆಗಳೊಳಗೆ ಶುರುಮಾಡುವ ವೈರಾಣು ವಿರೋಧಿ ಮಾತ್ರೆಯೂ ಮುಂದೆ ಉಳಿಯಬಹುದಾದ ಈ ನೋವನ್ನು ತಡೆದೇ ತಡೆಯುತ್ತದೆಂದು ಯಾವ ವೈದ್ಯರೂ ಭರವಸೆ ಕೊಡಲಾರರು. ಈ ನೋವು ಬಾರದಿರಲು ಇರುವ ಖಚಿತ ದಾರಿ ಸರ್ಪಸುತ್ತೇ ಬಾರದಂತೆ ನೋಡಿಕೊಳ್ಳುವುದು. ಲಸಿಕೆ ಬೇಕೇ ಬೇಡವೇ ಎಂದು ಯೋಚಿಸುವಾಗ ನಾವು ಎದುರಿಗಿಟ್ಟುಕೊಳ್ಳಬೇಕಾದದ್ದು ಗುಳ್ಳೆಯನ್ನಲ್ಲ, ಗುಳ್ಳೆಯ ನಂತರದ ಈ ತಿಂಗಳುಗಳನ್ನು.

ಈಗ ಬಳಕೆಯಲ್ಲಿರುವ ಶಿಂಗ್ರಿಕ್ಸ್ ಎಂಬ ಲಸಿಕೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಭಾರತಕ್ಕೆ ಅದು ಬಂದದ್ದು 2023ರಲ್ಲಿ, ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಿಗಾಗಿ. ಇದರಲ್ಲಿ ಜೀವಂತ ವೈರಾಣು ಇಲ್ಲ. ವೈರಾಣುವಿನ ಹೊರಮೈಯ ಒಂದು ಪ್ರೋಟೀನೂ, ನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಒಂದು ಸಹಾಯಕ ಮಿಶ್ರಣವೂ ಇವೆ. ಆ ಮಿಶ್ರಣದ ಒಂದು ಅಂಶವನ್ನು ದಕ್ಷಿಣ ಅಮೆರಿಕದ ಚಿಲಿ ದೇಶದ, ನಮ್ಮ ಅಂಟುವಾಳದಂತೆ ನೊರೆ ಕೊಡುವ ಒಂದು ಮರದ ತೊಗಟೆಯಿಂದ ತೆಗೆಯುತ್ತಾರೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸುಗಳನ್ನು ತೋಳಿನ ಸ್ನಾಯುವಿಗೆ ಕೊಡುತ್ತಾರೆ.

ಇದರ ಫಲವನ್ನು ಹೇಳುವ ಅಂಕಿಗಳನ್ನು ಎರಡು ಬಗೆಯಾಗಿ ಓದಬಹುದು, ಎರಡೂ ನಿಜ. ಐವತ್ತು ದಾಟಿದವರ ಮೇಲೆ 18 ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆ ಪಡೆದ ಏಳು ಸಾವಿರಕ್ಕೂ ಹೆಚ್ಚು ಜನರ ಪೈಕಿ ಸುಮಾರು ಮೂರು ವರ್ಷಗಳಲ್ಲಿ ಸರ್ಪಸುತ್ತು ಬಂದದ್ದು 6 ಮಂದಿಗೆ. ಔಷಧವಿಲ್ಲದ ಚುಚ್ಚುಮದ್ದು ಪಡೆದ ಹೆಚ್ಚುಕಡಿಮೆ ಅಷ್ಟೇ ಜನರ ಪೈಕಿ 210 ಮಂದಿಗೆ. ಅಂದರೆ ನೂರಕ್ಕೆ 97ರಷ್ಟು ರಕ್ಷಣೆ. ಎಪ್ಪತ್ತು ದಾಟಿದವರಲ್ಲೂ ಇದು ನೂರಕ್ಕೆ 90ರ ಸುಮಾರಿನಲ್ಲಿಯೇ ನಿಂತಿತು; ವಯಸ್ಸಾದವರಲ್ಲಿ ಲಸಿಕೆಗಳು ಸಾಮಾನ್ಯವಾಗಿ ಸೊರಗುವುದನ್ನು ಬಲ್ಲವರಿಗೆ ಇದು ಅಚ್ಚರಿಯ ಫಲಿತಾಂಶ. ಆದರೆ ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡಿದರೆ, ಲಸಿಕೆ ಪಡೆಯದ ಏಳು ಸಾವಿರ ಜನರಲ್ಲೂ ಆ ಮೂರು ವರ್ಷಗಳಲ್ಲಿ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಲಸಿಕೆ ಹಾಕಿಸಿಕೊಳ್ಳದಿದ್ದರೆ ನಾಳೆಯೇ ಸರ್ಪಸುತ್ತು ಬರುತ್ತದೆಂದು ಹೆದರಿಸುವುದು ತಪ್ಪು. ಮೂರು ವರ್ಷಕ್ಕೆ ಮಾತ್ರವಲ್ಲ, ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಿಗೆ ಲೆಕ್ಕ ಹಾಕಬೇಕೆಂಬುದನ್ನು ಮರೆಯುವುದೂ ತಪ್ಪು.

ಈ ಚುಚ್ಚುಮದ್ದು ಮೆತ್ತನೆಯದಲ್ಲ. ತೋಳು ನೋವು, ಮೈಕೈ ನೋವು, ಸುಸ್ತು, ಚಳಿಜ್ವರ ಎರಡು ಮೂರು ದಿನ ಇರಬಹುದು. ನಾನೂ ಹಾಕಿಸಿಕೊಂಡಿದ್ದೇನೆ, ಮಾರನೆಯ ದಿನ ತೋಳೆತ್ತಿ ಅಂಗಿ ತೊಡುವುದಕ್ಕೆ ಹೆಂಡತಿಯ ನೆರವು ಬೇಕಾಯಿತು. ಗಿಲನ್-ಬರೆ ಎಂಬ ನರಗಳ ದೌರ್ಬಲ್ಯದ ಕಾಯಿಲೆ ಅತಿ ವಿರಳವಾಗಿ ಕಂಡುಬಂದಿದೆ. ಅಮೆರಿಕದಲ್ಲಿ 65 ದಾಟಿದವರ ನಡುವೆ ಇದನ್ನು ಹತ್ತು ಲಕ್ಷ ಡೋಸಿಗೆ ಸುಮಾರು 3 ಹೆಚ್ಚುವರಿ ಪ್ರಕರಣಗಳೆಂದು ಅಂದಾಜಿಸಿ, 2021ರಿಂದ ಎಚ್ಚರಿಕೆಯ ಸಾಲು ಸೇರಿಸಿದ್ದಾರೆ. ಜ್ವರವಿರುವಾಗ, ಸರ್ಪಸುತ್ತು ಎದ್ದಿರುವಾಗ, ಬಸುರಿಯಾಗಿರುವಾಗ ಇದನ್ನು ಮುಂದೂಡಬೇಕು. ಒಮ್ಮೆ ಸರ್ಪಸುತ್ತು ಬಂದು ಹೋದವರೂ ಪೂರ್ತಿ ಗುಣವಾದ ಮೇಲೆ ಹಾಕಿಸಿಕೊಳ್ಳಬಹುದು, ಏಕೆಂದರೆ ಅದು ಮರಳಿ ಬರಬಲ್ಲದು. ಆದರೆ ಈಗಾಗಲೇ ಉಳಿದಿರುವ ನರದ ನೋವಿಗೆ ಇದು ಮದ್ದಲ್ಲ. ‘ನನಗೆ ಚಿಕ್ಕಂದಿನಲ್ಲಿ ಅಮ್ಮ ಬಂದ ನೆನಪಿಲ್ಲ’ ಎನ್ನುವವರಿಗೆ ರಕ್ತಪರೀಕ್ಷೆಯ ಅಗತ್ಯವಿಲ್ಲ. ನೆನಪಿಲ್ಲದಿದ್ದರೂ ವೈರಾಣು ಒಳಗಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಹಣದ ಮಾತು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಇಲ್ಲ, ಎರಡು ಡೋಸಿನ ಖರ್ಚು ಐದಂಕಿಯನ್ನು ಮುಟ್ಟುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮೊತ್ತವಲ್ಲ. ಸಾಲ ಮಾಡಿ ಹಾಕಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅಂಥವರು 72 ಗಂಟೆಗಳ ಲೆಕ್ಕವನ್ನಾದರೂ ಕೈಬಿಡಬಾರದು. ಕೊಳ್ಳುವ ಶಕ್ತಿಯಿರುವ ಮನೆಯಲ್ಲಿ ಯಾರಿಗೆ ಮೊದಲು ಎಂದು ಕೇಳಿದರೆ, 65 ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದವರಿಗೆ ಎನ್ನುತ್ತೇನೆ. ಸಂಧಿವಾತಕ್ಕೋ ಕ್ಯಾನ್ಸರಿಗೋ ನಿರೋಧಕ ಶಕ್ತಿ ತಗ್ಗಿಸುವ ಚಿಕಿತ್ಸೆ ಶುರುವಾಗಲಿದ್ದರೆ, ಅದಕ್ಕೆ ಮೊದಲೇ ಲಸಿಕೆ ಮುಗಿಸಬಹುದೇ ಎಂದು ಆ ವೈದ್ಯರನ್ನೇ ಕೇಳಬೇಕು. ಐವತ್ತೆರಡರ ಆರೋಗ್ಯವಂತರು ಒಂದೆರಡು ವರ್ಷ ಕಾದು ನಿರ್ಧರಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಇತ್ತೀಚೆಗೆ ಸರ್ಪಸುತ್ತಿನ ಲಸಿಕೆಯನ್ನು ಮರೆವಿನ ಕಾಯಿಲೆಯೊಂದಿಗೆ ಜೋಡಿಸಿ ಸುದ್ದಿಗಳು ಬರುತ್ತಿವೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಶಿಂಗ್ರಿಕ್ಸ್‌ಗಿಂತ ಹಿಂದಿನ, ಹಳೆಯ ಬಗೆಯ ಲಸಿಕೆಯನ್ನು 1933ರ ಸೆಪ್ಟೆಂಬರ್ 2ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಮಾತ್ರ ಕೊಟ್ಟದ್ದರಿಂದ, ಆ ದಿನಾಂಕದ ಆಚೀಚೆ ಹುಟ್ಟಿದವರನ್ನು ಹೋಲಿಸಲು ಸಾಧ್ಯವಾಯಿತು. ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಮರೆವಿನ ಕಾಯಿಲೆ ಐದನೆಯ ಒಂದು ಭಾಗದಷ್ಟು ಕಡಿಮೆ ಕಂಡಿತೆಂದು 2025ರಲ್ಲಿ ವರದಿಯಾಯಿತು. ಕುತೂಹಲದ ಫಲಿತಾಂಶವೇನೋ ಹೌದು. ಆದರೆ ಇದೊಂದನ್ನೇ ನೆಚ್ಚಿ ಲಸಿಕೆ ಹಾಕಿಸಿಕೊಳ್ಳಿ ಎನ್ನಲು ನಾನು ಸಿದ್ಧನಿಲ್ಲ.

ಕೊನೆಯದಾಗಿ, ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳು ಫೋನಿನಲ್ಲಿ ‘ಅಪ್ಪಾ, ಶಿಂಗ್ರಿಕ್ಸ್ ಹಾಕಿಸ್ಕೊಂಡ್ರಾ’ ಎಂದು ಕೇಳುವುದು ಈಗ ಸಾಮಾನ್ಯವಾಗಿದೆ, ಏಕೆಂದರೆ ಅಲ್ಲಿ ವಯಸ್ಸಾದವರಿಗೆ ಇದು ವಾಡಿಕೆಯ ಲಸಿಕೆ. ಮಕ್ಕಳ ಬಳಿಗೆ ಆರು ತಿಂಗಳಿಗೆಂದು ಹೊರಟವರು ಎರಡೂ ಡೋಸುಗಳನ್ನು ಇಲ್ಲಿಯೇ ಮುಗಿಸಿಕೊಂಡು ಹೋಗುವುದು ಸಲೀಸು. ಅದಾಗದೆ ಒಂದನ್ನೇ ಹಾಕಿಸಿಕೊಂಡು ಹೋಗಿ, ಮರಳುವಾಗ ಆರು ತಿಂಗಳು ದಾಟಿಬಿಟ್ಟಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಬಂದ ಕೂಡಲೇ ಎರಡನೆಯದನ್ನು ಹಾಕಿಸಿಕೊಂಡರೆ ಸಾಕು. ಮೊದಲ ಡೋಸಿನ ದಿನಾಂಕ ಬರೆದ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಯಲ್ಲಿಟ್ಟುಕೊಳ್ಳಿ.

ನಮಸ್ಕಾರ.