ಬಾಣಂತಿ ಕೋಣೆಯ ಬೆಳಕು

ಕೇಳುಗರೆಲ್ಲರಿಗೂ ನಮಸ್ಕಾರ.

ಆಟಿಯ ಮಳೆಯಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯ ಬಾಣಂತಿ ಕೋಣೆಯನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗಾಳಿ ತಾಗಬಾರದೆಂದು ಹಗಲಿಡೀ ಕಿಟಕಿ ಮುಚ್ಚಿರುತ್ತದೆ. ರಾತ್ರಿ 2 ಗಂಟೆಗೆ ಮಗು ಅತ್ತಿತೋ, ಟ್ಯೂಬ್‌ಲೈಟ್ ಝಗ್ಗನೆ ಹೊತ್ತಿಕೊಳ್ಳುತ್ತದೆ. ಹಗಲು ಕತ್ತಲೆ, ರಾತ್ರಿ ಬೆಳಕು. ಬಾಣಂತಿಗೆ ಬೇಕಾದದ್ದು ಇದರ ತಿರುಗುಮುರುಗು.

ಹೊತ್ತು ಯಾವುದೆಂದು ಮೆದುಳಿಗೆ ತಿಳಿಸುವ ಜೀವಕೋಶಗಳು ಕಣ್ಣಿನ ಒಳಪರದೆಯಲ್ಲಿವೆ. 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅವು ಬೇಗ ಎಚ್ಚೆತ್ತುಕೊಳ್ಳುತ್ತವೆ. ಬಿಳಿ ಎಲ್‌ಇಡಿಯಲ್ಲಿ ಆ ನೀಲಿ ಧಾರಾಳ. ಆಗ ನಿದ್ದೆಯ ಹಾರ್ಮೋನು ಮೆಲಟೋನಿನ್ ಇಳಿಯುತ್ತದೆ, ಮಗು ಮಲಗಿದರೂ ತಾಯಿಗೆ ಕಣ್ಣು ಹತ್ತುವುದಿಲ್ಲ. ಹಾಗೆಂದು ರಾತ್ರಿಯ ಹಾಲು ತಪ್ಪಿಸಬೇಡಿ. ಹಾಲು ಉಂಟುಮಾಡುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚು. ಬದಲಿಸಬೇಕಾದದ್ದು ಬಲ್ಬನ್ನು.

ಅರ್ಧ ವ್ಯಾಟಿನ ಎಲ್‌ಇಡಿ ಝೀರೋ ಬಲ್ಬ್ ಸಾಕು. ಅಂಗಡಿಯವರು ನೀಲಿಯದ್ದು ಕೊಟ್ಟರೆ ಬೇಡವೆನ್ನಿ. ಕೆಂಪೋ ಹಳದಿಯೋ ಕೇಳಿ. ದೊಡ್ಡ ಬಲ್ಬಾದರೆ ಪೆಟ್ಟಿಗೆಯ ಮೇಲೆ 2700 ಕೆ ಎಂದಿರಲಿ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ), 6500 ಕೆ ಎಂದರೆ ಅದೇ ಬಿಳಿ. ಮೊಣಕಾಲಿಗಿಂತ ಕೆಳಗಿನ ಪ್ಲಗ್ಗಿಗೆ, ಮಂಚದ ತಲೆದೆಸೆಯ ಹಿಂದೆ ಹಾಕಿ. ಬಲ್ಬ್ ಯಾರ ಕಣ್ಣಿಗೂ ನೇರ ಕಾಣದೆ, ಗೋಡೆಗೆ ಬಿದ್ದ ಬೆಳಕಷ್ಟೇ ಬರಬೇಕು. ತೀರಾ ಕತ್ತಲೆಯೂ ತೊಂದರೆಯೇ. ಮಗುವಿನ ಬಾಯಿ ಅಗಲ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ಗದ್ದ ತಾಯಿಯ ಎದೆಗೆ ತಾಗಿದೆಯೇ ಎಂದು ಕಾಣಬೇಕು. ಬರೀ ತೊಟ್ಟು ಕಚ್ಚಿದರೆ ಅದು ಬಿರಿದು ನೋಯುತ್ತದೆ. ಕರೆಂಟು ಹೋದರೆ ಟಾರ್ಚನ್ನು ಗೋಡೆಗೆ ತಿರುಗಿಸಿಡಿ. ಸೊಳ್ಳೆಪರದೆಯ ಬಳಿ ಮೇಣದಬತ್ತಿ ಬೇಡವೇ ಬೇಡ. ಮೊಬೈಲು? ಅದೂ ಬಿಳಿ ದೀಪವೇ, ಅದೂ ಮುಖದ ಮುಂದೆ.

ಈ ಬಣ್ಣದ ಬಲ್ಬುಗಳದ್ದೊಂದು ದೋಷವಿದೆ: ಮಗುವಿನ ಕಾಮಾಲೆ, ಅಂದರೆ ಅರಸಿನ ಮುಂಡಿಗೆ, ಅದರಡಿ ಗೊತ್ತಾಗುವುದಿಲ್ಲ. ದಿನವೂ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮಗುವಿನ ಎದೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟು, ಆ ಜಾಗ ಹಳದಿಯಾಗಿದೆಯೇ ನೋಡಿ. ಹುಟ್ಟಿದ ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ, ಇಲ್ಲವೇ ಅಂಗೈ ಅಂಗಾಲಿಗೆ ಇಳಿದಿದ್ದರೆ, ಎಳೆಬಿಸಿಲಿಗೆ ಹಿಡಿಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಹಗಲು. ಬೆಳಿಗ್ಗೆ ಅರ್ಧ ಗಂಟೆ ಜಗಲಿಯಲ್ಲಿ ಕುಳಿತು ಹಾಲೂಡಿಸಲಿ. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕಿರುತ್ತದೆ. ಕೋಣೆಯ ಟ್ಯೂಬ್‌ಲೈಟಿನಿಂದ ಸಾಮಾನ್ಯವಾಗಿ ಸಿಗುವುದು 100ರಿಂದ 300. ಹೊರಗೆ ಕೂರಲು ಅಜ್ಜಿ ಒಪ್ಪದಿದ್ದರೆ ಜಗಳ ಬೇಡ, ತಲೆಗೆ ಬಟ್ಟೆ ಕಟ್ಟಿಕೊಂಡರಾಯಿತು. ಹಂಚಿನ ಮನೆಯಾದರೆ ಮಾಡಿಗೆ ಎರಡು ಗಾಜಿನ ಹಂಚು ಹಾಕಿಸಿ. ಹಗಲ ಬೆಳಕು ಕಂಡ ದೇಹಕ್ಕೆ ರಾತ್ರಿಯ ನಿದ್ದೆ ಸಲೀಸು.

ಆದರೆ ಬೆಳಕು ಎಲ್ಲದಕ್ಕೂ ಮದ್ದಲ್ಲ. ಹೆರಿಗೆಯಾಗಿ ಎರಡು ವಾರ ದಾಟಿದರೂ ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ ವೈದ್ಯರಿಗೆ ಹೇಳಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮಸ್ಕಾರ.