ಒಂದು ತಲೆಯ ಹಿಂದೆ ಎಷ್ಟು ಹೆಡ್‌ರೆಸ್ಟ್?

ಈಗ ನೀವು ನೋಡುತ್ತಿರುವುದು ನಮ್ಮ ಕಾರಿನ ಹಿಂದಿನ ಆಸನ. ಮಗಳಿಗಾಗಿ ತಂದ ಎತ್ತರ ಬೆನ್ನಿನ ಬೂಸ್ಟರ್ ಸೀಟನ್ನು, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಹೊಂದುವಂತೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟನ್ನು, ಮೊದಲ ಸಲ ಇಟ್ಟ ದಿನ ತೆಗೆದ ದೃಶ್ಯ ಇದು. ಎದುರಿನಿಂದ ನೋಡಿದರೆ ಯಾವ ಲೋಪವೂ ಕಾಣುವುದಿಲ್ಲ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಮಾತ್ರ, ಬೂಸ್ಟರಿನ ಬೆನ್ನಿಗೂ ಕಾರಿನ ಬೆನ್ನೊರಗಿಗೂ ನಡುವೆ ನನ್ನ ಅಂಗೈ ಸಲೀಸಾಗಿ ತೂರುವಷ್ಟು ಸಂದು ಇರುವುದು ಗೊತ್ತಾಗುತ್ತದೆ. ಕಾರಿನ ಹೆಡ್‌ರೆಸ್ಟ್ ಮುಂದಕ್ಕೆ ಉಬ್ಬಿಕೊಂಡಿದ್ದರಿಂದ ಅದು ಬೂಸ್ಟರಿನ ಮೇಲ್ಭಾಗವನ್ನು ಮುಂದೆ ತಳ್ಳುತ್ತಿತ್ತು. ಮಗಳು ಕುಳಿತಾಗ ಇಡೀ ಸೀಟು ಅವಳೊಂದಿಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಅವಳಿಗೆ ಅದು ತೂಗುಕುರ್ಚಿಯಂತೆ ಖುಷಿ ಕೊಟ್ಟಿತು, ನನಗೆ ಕೊಡಲಿಲ್ಲ.

ಹೆಡ್‌ರೆಸ್ಟ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ತಲೆಯಾನಿಸಿ ವಿಶ್ರಮಿಸುವ ದಿಂಬು ಅದು ಎಂದುಕೊಂಡೇ ನಾವು ಬಳಸುತ್ತೇವೆ. ವಾಹನ ಸುರಕ್ಷತಾ ನಿಯಮಗಳು ಅದನ್ನು ಹೆಡ್ ರಿಸ್ಟ್ರೇಂಟ್, ಅಂದರೆ ತಲೆಯನ್ನು ತಡೆಹಿಡಿಯುವ ಸಾಧನ, ಎಂದು ಕರೆಯುತ್ತವೆ. ಹಿಂದಿನಿಂದ ಇನ್ನೊಂದು ವಾಹನ ಬಂದು ಗುದ್ದಿದಾಗ ಆಸನವು ನಮ್ಮ ಬೆನ್ನನ್ನು ಮುಂದಕ್ಕೆ ನೂಕುತ್ತದೆ. ಆದರೆ ತಲೆ ಇದ್ದಲ್ಲೇ ಉಳಿಯಲು ನೋಡುವುದರಿಂದ ಕುತ್ತಿಗೆ ಹಿಂದಕ್ಕೆ ಬಾಗಿ, ಮರುಕ್ಷಣವೇ ಚಾಟಿಯಂತೆ ಮುಂದಕ್ಕೆ ಚಿಮ್ಮುತ್ತದೆ. ಆ ಬಾಗುವಿಕೆಯನ್ನು ತಡೆಯುವುದಕ್ಕಾಗಿಯೇ ಅಮೆರಿಕದಲ್ಲಿ 1969ರ ಜನವರಿ 1ರಿಂದ ಹೊಸ ಕಾರುಗಳ ಮುಂದಿನ ಆಸನಗಳಿಗೆ ಅದನ್ನು ಕಡ್ಡಾಯ ಮಾಡಿದರು. ಹೀಗಿರುವಾಗ ಅದನ್ನು ಕಿತ್ತು ಬದಿಗಿಡಲು ಕೈ ಅಳುಕುವುದು ಸಹಜವೇ. ಆ ದಿನ ನಾನೂ ಅರ್ಧ ಗಂಟೆ ಅಳುಕಿದೆ.

ಆ ಅಳುಕನ್ನು ಕಳೆದದ್ದು ಒಂದೇ ಪ್ರಶ್ನೆ: ಈ ಹೆಡ್‌ರೆಸ್ಟ್ ಯಾರ ತಲೆಯನ್ನು ಕಾಯುತ್ತಿದೆ? ಎತ್ತರ ಬೆನ್ನಿನ ಬೂಸ್ಟರಿನಲ್ಲಿ ಮಗುವಿನ ತಲೆಯ ಹಿಂದೆಯೂ ಅಕ್ಕಪಕ್ಕದಲ್ಲೂ ಆ ಸೀಟಿನದೇ ಹೆಡ್‌ರೆಸ್ಟ್ ಇರುತ್ತದೆ. ಅದರ ಹಿಂದಿರುವ ಕಾರಿನ ಹೆಡ್‌ರೆಸ್ಟ್ ಮಗುವಿನ ತಲೆಯನ್ನು ಮುಟ್ಟುವುದೂ ಇಲ್ಲ. ಹಾಗಾಗಿ ಅದು ಸೀಟನ್ನು ಮುಂದಕ್ಕೆ ತಳ್ಳುತ್ತಿದ್ದು, ಕಾರಿನ ಕೈಪಿಡಿ ಮತ್ತು ಮಕ್ಕಳ ಸೀಟಿನ ಕೈಪಿಡಿ ಎರಡೂ ಒಪ್ಪುವುದಾದರೆ, ಅದನ್ನು ತೆಗೆಯಬಹುದು. ಬೆನ್ನಿಲ್ಲದ, ಬರೀ ಮಣೆಯಂಥ ಬೂಸ್ಟರಿನ ಮಾತೇ ಬೇರೆ. ಅದರಲ್ಲಿ ಕೂರುವ ಮಗುವಿನ ತಲೆಗೆ ಕಾರಿನ ಹೆಡ್‌ರೆಸ್ಟ್ ಒಂದೇ ಗತಿ. ಅದು ಕನಿಷ್ಠ ಮಗುವಿನ ಕಿವಿಯ ಮೇಲಂಚಿನವರೆಗಾದರೂ ಇರಬೇಕು, ಅದನ್ನು ತೆಗೆಯುವಂತಿಲ್ಲ. ಇನ್ನು ಹಿಂದಕ್ಕೆ ಮುಖ ಮಾಡಿ ಕೂರುವ ಕೂಸಿನ ವಿಷಯದಲ್ಲಿ ಕಾರಿನ ಹೆಡ್‌ರೆಸ್ಟ್ ಇರುವುದು ಕೂಸಿನ ಪಾದಗಳ ಕಡೆಗೆ. ಅಲ್ಲಿ ಅದಕ್ಕೆ ಕಾಯಲು ತಲೆಯೇ ಇಲ್ಲ.

ತೆಗೆಯುವ ಕೆಲಸ ಒಂದು ನಿಮಿಷದ್ದು. ಎರಡು ಲೋಹದ ಕಂಬಿಗಳು ಆಸನದೊಳಕ್ಕೆ ಇಳಿಯುವಲ್ಲಿ ಒಂದು ಗುಂಡಿ ಇರುತ್ತದೆ, ಕೆಲವು ಕಾರುಗಳಲ್ಲಿ ಎರಡೂ ಕಡೆ ಇರುತ್ತದೆ. ಒತ್ತಿ ಹಿಡಿದು ಮೇಲಕ್ಕೆಳೆಯಬೇಕು. ಚಾವಣಿಗೆ ತಾಗಿದರೆ ಬೆನ್ನೊರಗನ್ನು ತುಸು ಬಾಗಿಸಿಕೊಳ್ಳಬೇಕಾಗುತ್ತದೆ. ಅಂದಹಾಗೆ, ಅಪಾಯದಲ್ಲಿ ಗಾಜು ಒಡೆಯಲೆಂದೇ ಈ ಕಂಬಿಗಳನ್ನು ಕಳಚುವಂತೆ ಮಾಡಿದ್ದಾರೆಂದು ಹೇಳುವ ವಿಡಿಯೊ ನಿಮಗೂ ಬಂದಿರಬಹುದು. ಅದು ಕಟ್ಟುಕಥೆ. ಎತ್ತರ ಹೊಂದಿಸಲು, ಆಸನ ಮಡಚಲು ಮತ್ತು ಇಂಥದೇ ಮಕ್ಕಳ ಸೀಟು ಕೂರಿಸಲು ಅದನ್ನು ಕಳಚುವಂತೆ ಮಾಡಿರುತ್ತಾರೆ.

ನನ್ನ ತಪ್ಪು ಶುರುವಾದದ್ದು ತೆಗೆದ ಮೇಲೆ. ಕಳಚಿದ ಹೆಡ್‌ರೆಸ್ಟನ್ನು ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಇಟ್ಟು ನಾನು ಮರೆತುಬಿಟ್ಟೆ. ವಾರದ ನಂತರ ದಾರಿಗೆ ನಾಯಿಯೊಂದು ಅಡ್ಡ ಬಂದು ಬ್ರೇಕ್ ಒತ್ತಿದಾಗ, ಅದು ಆಸನದ ಮೇಲಿಂದ ಹಾರಿ ಮಗಳ ಕಾಲಬುಡದಲ್ಲಿ ಬಿತ್ತು. ಕಂಬಿಗಳು ಅವಳ ಮಂಡಿಯನ್ನು ಸವರಿಕೊಂಡು ಹೋದವು, ಗಾಯವಾಗಲಿಲ್ಲ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಾರು ತಟ್ಟನೆ ನಿಂತರೂ ಒಳಗಿನ ಬಿಡಿ ವಸ್ತು ಅದೇ ವೇಗದಲ್ಲಿ ಮುಂದುವರಿಯುತ್ತದೆ. ಅಂದಿನಿಂದ ಅದು ಡಿಕ್ಕಿಯಲ್ಲಿ, ಸಾಮಾನು ಕಟ್ಟುವ ಪಟ್ಟಿಯಡಿ ಬಿಗಿಯಾಗಿ ಕುಳಿತಿದೆ. ಡಿಕ್ಕಿಯಾಗುವ ಹೊತ್ತಿಗೆ ಅದು ಡಿಕ್ಕಿಯಲ್ಲೇ ಇರಲಿ ಎಂದು ಮನೆಯಲ್ಲಿ ಈಗಲೂ ನನ್ನನ್ನು ಛೇಡಿಸುತ್ತಾರೆ.

ಎಲ್ಲ ಕಾರುಗಳಲ್ಲೂ ಅದು ಕಳಚಿ ಬರುವುದಿಲ್ಲ. ಹಾಗಿದ್ದಾಗ ಪೂರ್ತಿ ಮೇಲಕ್ಕೆತ್ತಿ ನೋಡಬಹುದು, ಬೇರೆ ಜಾಗದಲ್ಲಿ ಸೀಟು ಇಟ್ಟು ನೋಡಬಹುದು; ತಿರುಗಿಸಿ ಹಾಕುವುದನ್ನು ಮಾತ್ರ ಕಾರಿನ ಕೈಪಿಡಿ ಸ್ಪಷ್ಟವಾಗಿ ಒಪ್ಪಿದ್ದರೆ ಮಾಡಬೇಕು. ಇದಾವುದೂ ಆಗದಿದ್ದರೆ ಆ ಸೀಟು ಆ ಕಾರಿಗೆ ಹೊಂದುವುದಿಲ್ಲವೆಂದೇ ಅರ್ಥ. ಹಾಗಾಗಿ ಹಣ ಕೊಡುವ ಮೊದಲು ನಿಮ್ಮ ಕಾರಿನಲ್ಲೇ ಇಟ್ಟು ನೋಡುವುದಕ್ಕೆ ಅಂಗಡಿಯವರನ್ನು ಕೇಳಿ. ನಾನು ಕೇಳಿರಲಿಲ್ಲ.

ಇದಕ್ಕೂ ಮೊದಲು ಮಗಳು ಐದು ಪಟ್ಟಿಯ, ಮುಂದಕ್ಕೆ ಮುಖ ಮಾಡುವ ಸೀಟಿನಲ್ಲಿ ಕೂರುತ್ತಿದ್ದಳು. ಅದರ ಹಿಂದಿನಿಂದ ಟಾಪ್ ಟೆದರ್ ಎಂಬ ಪಟ್ಟಿಯೊಂದು ಹೋಗಿ ಕಾರಿನ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಅಪಘಾತದಲ್ಲಿ ಮಗುವಿನ ತಲೆ ಮುಂದಕ್ಕೆ ಧಾವಿಸುವ ದೂರವನ್ನು ಕಡಿಮೆ ಮಾಡುವುದು ಅದರ ಕೆಲಸ. ಈ ಹಳೆಯ ತುಣುಕಿನಲ್ಲಿ ನಾನು ಅದನ್ನು ಹೆಡ್‌ರೆಸ್ಟಿನ ನೆತ್ತಿಯ ಮೇಲಿಂದ ಎಳೆದಿದ್ದೇನೆ. ನಮ್ಮ ಕಾರಿನ ಕೈಪಿಡಿಯ ಪ್ರಕಾರ ಒಂಟಿ ಪಟ್ಟಿ ಎರಡು ಕಂಬಿಗಳ ನಡುವೆ, ಹೆಡ್‌ರೆಸ್ಟಿನ ಅಡಿಯಲ್ಲಿ ಹಾದುಹೋಗಬೇಕು. ಮೇಲಿಂದ ಎಳೆದಾಗ ಅದು ಪಕ್ಕಕ್ಕೆ ಜಾರಿ ಸಡಿಲಾಗುತ್ತಿತ್ತು, ನಾನು ಪ್ರತಿ ವಾರವೂ ಬಿಗಿಮಾಡುತ್ತಿದ್ದೆ, ಕಾರಣ ಮಾತ್ರ ಹೊಳೆದಿರಲಿಲ್ಲ.

ಇನ್ನು ಮಕ್ಕಳ ಸೀಟಿನದೇ ಹೆಡ್‌ರೆಸ್ಟ್. ಅನೇಕ ಸೀಟುಗಳಲ್ಲಿ ಅದನ್ನು ಏರಿಸಿದಂತೆ ಭುಜದ ಪಟ್ಟಿಗಳೂ ಏರುತ್ತವೆ, ಆದ್ದರಿಂದ ಅದರ ಎತ್ತರ ತಲೆಯೊಂದರ ವಿಷಯವಲ್ಲ. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಪಟ್ಟಿಗಳು ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗಿನಿಂದ ಹೊರಬರಬೇಕು. ಮುಂದಕ್ಕೆ ಮುಖ ಮಾಡಿದ್ದರಲ್ಲಿ ಭುಜದ ಮಟ್ಟದಲ್ಲಿ ಅಥವಾ ತುಸು ಮೇಲಿನಿಂದ. ಬೂಸ್ಟರಿನಲ್ಲಾದರೆ ಹೆಡ್‌ರೆಸ್ಟಿನ ಕೆಳಗಿರುವ ಬೆಲ್ಟ್ ಕೊಂಡಿಯು ಕಾರಿನ ಬೆಲ್ಟನ್ನು ಕುತ್ತಿಗೆಗೆ ತಾಗದಂತೆ, ಭುಜದ ನಡುವಿಗೆ ಇಳಿಸುತ್ತದೆ. ಮಕ್ಕಳು ನಮಗೆ ತಿಳಿಸಿ ಬೆಳೆಯುವುದಿಲ್ಲವಲ್ಲ. ಅವಳ ಅಂಗಿ ಗಿಡ್ಡವಾದಾಗಲೆಲ್ಲ ನಾನು ಹೆಡ್‌ರೆಸ್ಟನ್ನೂ ನೋಡುತ್ತೇನೆ.

ನಿದ್ದೆಯಲ್ಲಿ ತಲೆ ಜೋಲದಂತೆ ಹಣೆಯನ್ನು ಹೆಡ್‌ರೆಸ್ಟಿಗೆ ಕಟ್ಟುವ ಪಟ್ಟಿಗಳನ್ನು ಮಾರುತ್ತಾರೆ. ಅವುಗಳನ್ನು ಕೊಳ್ಳಬೇಡಿ. ದೇಹ ಮುಂದಕ್ಕೆ ಚಲಿಸುವಾಗ ತಲೆಯನ್ನು ಮಾತ್ರ ಹಿಂದೆ ಹಿಡಿದಿಟ್ಟರೆ ಆ ಸೆಳೆತವನ್ನೆಲ್ಲ ಎಳೆಯ ಕುತ್ತಿಗೆಯೇ ತಡೆಯಬೇಕಾಗುತ್ತದೆ. ನವಜಾತ ಶಿಶುವಿನ ಗಲ್ಲ ಎದೆಗೆ ಒತ್ತಿದರೆ ಉಸಿರಾಟಕ್ಕೆ ಅಡ್ಡಿಯಾಗುವುದರಿಂದ ಅಲ್ಲಿ ಸರಿಪಡಿಸಬೇಕಾದದ್ದು ಸೀಟಿನ ಓರೆ. ಸೀಟಿನೊಂದಿಗೇ ಬಂದ ಶಿಶುದಿಂಬನ್ನು ಕೈಪಿಡಿ ಹೇಳಿದ ತೂಕದವರೆಗೆ ಬಳಸಿ, ಆಮೇಲೆ ತೆಗೆಯಿರಿ. ಬೇರೆ ಕಡೆ ಕೊಂಡದ್ದನ್ನು ಸೇರಿಸಬೇಡಿ.

ಕೊನೆಯ ದೃಶ್ಯ ಈ ಬೆಳಗಿನದು. ಊರಿಂದ ಬರುವ ಅಮ್ಮ ಇದೇ ಜಾಗದಲ್ಲಿ ಕೂರಲಿದ್ದಾರೆ, ಮಗಳ ಬೂಸ್ಟರ್ ಆಚೆ ಬದಿಗೆ ಹೋಗಿದೆ. ಡಿಕ್ಕಿಯಿಂದ ಹೆಡ್‌ರೆಸ್ಟ್ ತಂದು, ಕಂಬಿಗಳನ್ನು ಇಳಿಸಿ, ಟಕ್ ಎನ್ನುವವರೆಗೆ ಒತ್ತಿ, ಮೇಲಕ್ಕೊಮ್ಮೆ ಎಳೆದು ನೋಡಿದೆ. ಹಿಂದಿನ ಸಲ ಅಮ್ಮ ಬಂದಾಗ ಇದನ್ನು ಹಾಕಲು ಮರೆತು, ಎರಡು ಗಂಟೆ ಅವರನ್ನು ಹಾಗೆಯೇ ಕೂರಿಸಿಕೊಂಡು ಹೋಗಿದ್ದೆ. ಅವರ ಎತ್ತರಕ್ಕೆ ಇದನ್ನು ಇನ್ನೂ ಎರಡು ಹಲ್ಲು ಮೇಲೇರಿಸಬೇಕು. ಅದನ್ನು ಅವರು ಕುಳಿತ ಮೇಲೆ ಮಾಡುತ್ತೇನೆ.